ನಾಯಿಗೆ ಕನ್ನಡ ಬರುತ್ತದೆಯೇ?

ಮಕ್ಕಳೇ, ಈ ವಾರ ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ನಿಮ್ಮ ಮನೆಯ ನಾಯಿಗೆ ಕನ್ನಡ ಬರುತ್ತದೆಯೇ?

"ಓ, ಬರುತ್ತದೆ! ಬಾ ಅಂದರೆ ಬರುತ್ತದೆ, ಹೋಗು ಅಂದರೆ ಹೋಗುತ್ತದೆ" ಎಂದು ನಿಮ್ಮಲ್ಲಿ ಅರ್ಧ ಜನ ಕೈ ಎತ್ತುತ್ತೀರಿ, ನನಗೆ ಗೊತ್ತು. ಹಾಗಾದರೆ ಇವತ್ತು ಸಂಜೆ ಒಂದು ಪರೀಕ್ಷೆ ಮಾಡಿ. "ಬಾ" ಅನ್ನುವಾಗ ನಿಮ್ಮ ದನಿ ಹೇಗಿರುತ್ತದೋ ಹಾಗೆಯೇ, ಅದೇ ಪ್ರೀತಿಯಲ್ಲಿ, ಕೈಯನ್ನೂ ಹಾಗೆಯೇ ಚಾಚಿ "ಬದನೆಕಾಯಿ" ಅನ್ನಿ. ಬಹುಪಾಲು ನಾಯಿಗಳು ಬಾಲ ಅಲ್ಲಾಡಿಸುತ್ತ ಬಂದೇ ಬಿಡುತ್ತವೆ. ಈಗ ಕಣ್ಣು ಕೆಂಪಗೆ ಮಾಡಿ, ದನಿ ಏರಿಸಿ "ಬಾ ಇಲ್ಲಿ" ಅನ್ನಿ. ಕಿವಿ ಮಡಚಿಕೊಂಡು ಅಲ್ಲೇ ನಿಲ್ಲುತ್ತದೆ.

ಪದಗಳನ್ನು ಕಲಿಯುವ ಶಕ್ತಿ ನಾಯಿಗೆ ಇಲ್ಲವೆಂದಲ್ಲ, ಚೆನ್ನಾಗಿಯೇ ಇದೆ. ಆದರೆ ಪದಕ್ಕಿಂತ ಮೊದಲು ಅದು ನಮ್ಮ ದನಿ ಕೇಳುತ್ತದೆ, ಕೈ ನೋಡುತ್ತದೆ, ಮುಖ ನೋಡುತ್ತದೆ. ಒಂದು ಪದ ಅದಕ್ಕೆ ಅರ್ಥವಾಗಬೇಕಾದರೆ ಆ ಪದ ದಿನವೂ ಒಂದೇ ರೀತಿ ಕೇಳಬೇಕು, ಅದರ ಹಿಂದೆಯೇ ಒಂದೇ ಫಲ ಸಿಗಬೇಕು.

ನಮ್ಮ ಹಟ್ಟಿಯಂಗಡಿ ಕಡೆಯ ಮನೆಗಳಲ್ಲಿ ಏನಾಗುತ್ತದೆ ನೋಡಿ. ಅಜ್ಜ "ಕೂಕೋ" ಅನ್ನುತ್ತಾರೆ. ಅಪ್ಪ "ಸಿಟ್" ಅನ್ನುತ್ತಾನೆ. ಅಮ್ಮ "ಸುಮ್ಮನೆ ಕೂತ್ಕೊ ನೋಡುವ" ಅನ್ನುತ್ತಾಳೆ. ಬೆಂಗಳೂರಿನಿಂದ ರಜೆಗೆ ಬಂದ ಚಿಕ್ಕಪ್ಪ "ಸಿಟ್ ಡೌನ್" ಅನ್ನುತ್ತಾನೆ. ನಾಲ್ಕು ಮಾತು, ಒಂದು ನಾಯಿ. ಅದು ನಾಲ್ವರ ಮುಖವನ್ನೂ ನೋಡಿ ಆಕಳಿಸಿ ತೆಂಗಿನ ಕಟ್ಟೆಗೆ ಹೋಗಿ ಮಲಗುತ್ತದೆ. "ಈ ನಾಯಿಗೆ ತಲೆಯೇ ಇಲ್ಲ" ಎಂದು ನಾವು ತೀರ್ಮಾನ ಕೊಡುತ್ತೇವೆ!

ನಾಯಿ ಹೇಗೆ ಕಲಿಯುತ್ತದೆ ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ದೊಡ್ಡ ಹೆಸರು ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೊವ್ ಅವರದು. ಅವರು ನಾಯಿಗೆ ಪಾಠ ಹೇಳಲು ಹೊರಟವರೇನೂ ಅಲ್ಲ. ತಿಂದ ಆಹಾರ ಹೇಗೆ ಜೀರ್ಣವಾಗುತ್ತದೆ ಎಂದು ನೋಡುತ್ತಿದ್ದರು. ಅದಕ್ಕಾಗಿ 1904ರಲ್ಲಿ ನೊಬೆಲ್ ಬಹುಮಾನವೂ ಬಂತು. ಆಗ ಒಂದು ವಿಚಿತ್ರ ಅವರ ಕಣ್ಣಿಗೆ ಬಿತ್ತು. ಆಹಾರ ಬಾಯಿಗೆ ಬೀಳುವ ಮೊದಲೇ, ಅದನ್ನು ತರುವ ಮನುಷ್ಯನನ್ನು ಕಂಡರೆ ಸಾಕು, ನಾಯಿಯ ಬಾಯಲ್ಲಿ ನೀರು ಬರುತ್ತಿತ್ತು. ಆಮೇಲೆ ಅವರು ಪ್ರತಿಸಲ ಊಟಕ್ಕೆ ಮೊದಲು ಟಿಕ್ ಟಿಕ್ ಎನ್ನುವ ಒಂದು ಯಂತ್ರದ ಸದ್ದು ಕೇಳಿಸಿದರು. ಕೆಲವು ಸಲ ಹಾಗೆ ಮಾಡಿದ ಮೇಲೆ ಬರೀ ಸದ್ದಿಗೇ ಜೊಲ್ಲು ಸುರಿಯತೊಡಗಿತು.

ಇದಕ್ಕೆ ರಷ್ಯಾಕ್ಕೇ ಹೋಗಬೇಕೆಂದಿಲ್ಲ. ನಮ್ಮೂರಿನ ರಸ್ತೆಯಲ್ಲಿ ಮೀನಿನವರ ಸ್ಕೂಟರಿನ ಹಾರ್ನ್ ಕೇಳಿದ ಕೂಡಲೇ ಯಾವ ಯಾವ ಮನೆಯ ಬೆಕ್ಕು ಎಲ್ಲಿಂದ ಎದ್ದು ಬರುತ್ತದೆ ಎಂದು ನೋಡಿದರೆ ಸಾಕು.

ಇದು ಮೊದಲ ಪಾಠ. ಎರಡನೆಯದು ಇನ್ನೂ ಮುಖ್ಯ. ನಾಯಿ ತಾನು ಮಾಡಿದ ಕೆಲಸದ ಹಿಂದೆಯೇ ಏನು ಸಿಕ್ಕಿತು ಎಂದು ನೋಡುತ್ತದೆ. ಒಳ್ಳೆಯದು ಸಿಕ್ಕಿದರೆ ಆ ಕೆಲಸವನ್ನು ಮತ್ತೆ ಮಾಡುತ್ತದೆ, ಏನೂ ಸಿಗದಿದ್ದರೆ ನಿಧಾನವಾಗಿ ಬಿಡುತ್ತದೆ. ಈ "ಹಿಂದೆಯೇ" ಎಂದರೆ ಒಂದೆರಡು ಸೆಕೆಂಡಿನ ಒಳಗೆ. ಬೆಳಿಗ್ಗೆ ಚಪ್ಪಲಿ ಕಚ್ಚಿದ್ದಕ್ಕೆ ಮಧ್ಯಾಹ್ನ ಬಡಿದರೆ, ಯಾಕೆ ಬಡಿದರು ಎಂದು ಅದಕ್ಕೆ ತಿಳಿಯುವುದಿಲ್ಲ. ನಿಮ್ಮ ಕೈಗೆ ಹೆದರುವುದನ್ನು ಮಾತ್ರ ಕಲಿಯುತ್ತದೆ.

ಈಗ ಗುಂಡನ ಕತೆ ಹೇಳುತ್ತೇನೆ. ಗುಂಡ ನಮ್ಮ ನೆರೆಮನೆಯ ನಾಯಿ. ಜಾತಿಯ ನಾಯಿಯಲ್ಲ, ನಮ್ಮೂರಿನದೇ ಕಂದು ಬಣ್ಣದ್ದು. ವಾರಾಹಿ ಹೊಳೆಯ ಬದಿಯ ತೋಟದ ಮನೆ ಅವರದು. ಕುನ್ನಿಯಾಗಿದ್ದಾಗ ಎಲ್ಲರ ಮಡಿಲಲ್ಲೂ ಇತ್ತು. ಒಂದು ವರ್ಷ ತುಂಬುವಾಗ ಮೈ ಬೆಳೆಯಿತು, ಬಂದವರ ಮೇಲೆಲ್ಲ ಹಾರತೊಡಗಿತು. ಹಾರುತ್ತದೆ ಎಂದು ಹಗಲಿಡೀ ಸಂಕೋಲೆ ಹಾಕಿ ಹಟ್ಟಿಯ ಬದಿಯಲ್ಲಿ ಕಟ್ಟಿದರು. ಕಟ್ಟಿದ ಮೇಲೆ ಬೊಗಳಾಟ ಹೆಚ್ಚಾಯಿತು. ಬಿಟ್ಟ ಹೊತ್ತಿನಲ್ಲಿ ಶಾಲೆಗೆ ಹೋಗುವ ಮಕ್ಕಳನ್ನು ಗೇಟಿನವರೆಗೂ ಅಟ್ಟಿಸಿಕೊಂಡು ಬರುತ್ತಿತ್ತು. ಒಂದು ದಿನ ಸಣ್ಣ ಹುಡುಗಿಯೊಬ್ಬಳು ಹೆದರಿ ಓಡಿ ಬಿದ್ದು ಮೊಣಕಾಲು ತರಚಿಕೊಂಡಳು.

ಆ ಮನೆಯ ಅಜ್ಜಿ ನನ್ನ ಜಗಲಿಗೆ ಬಂದು ಕೂತರು. "ಎಂತ ಮಾಡುದ್ ಮಾಷ್ಟ್ರೆ, ಇದ್ರ್ ಕೂಡೆ ಆಪುದಲ್ಲ. ಹೊಳಿ ಆಚಿಗೆ ಬಿಟ್ಟ್ ಬಪ್ಪುದೇ ಸೈ" ಅಂದರು. ಅವರ ಹಿಂದೆ ನಿಂತಿದ್ದ ಮೊಮ್ಮಗ, ಆರನೇ ಕ್ಲಾಸಿನವನು, ತುಟಿ ಕಚ್ಚಿ ನೆಲ ನೋಡುತ್ತಿದ್ದ.

ಹೊಳೆಯ ಆಚೆ ಬಿಡುವುದೆಂದರೆ ಏನು ಎಂದು ದೊಡ್ಡವರಿಗೆಲ್ಲ ಗೊತ್ತು. ಮನೆ ಅನ್ನ ತಿಂದ ನಾಯಿಗೆ ಗುರುತಿಲ್ಲದ ಊರಿನಲ್ಲಿ ಅನ್ನ ಹುಡುಕಿಕೊಳ್ಳಲು ಬರುವುದಿಲ್ಲ. ಅಲ್ಲಿನ ನಾಯಿಗಳು ಕಚ್ಚುತ್ತವೆ, ಇಲ್ಲವೇ ಹೆದ್ದಾರಿಯ ಗಾಡಿಗೆ ಸಿಕ್ಕುತ್ತದೆ. ಅದರ ತೊಂದರೆಯನ್ನು ನಾವು ಇನ್ನೊಂದು ಊರಿನ ಮಕ್ಕಳ ದಾರಿಗೆ ಹಾಕಿ ಬಂದ ಹಾಗೂ ಆಗುತ್ತದೆ.

ನಾನು ಆ ಹುಡುಗನನ್ನು ಹತ್ತಿರ ಕೂರಿಸಿಕೊಂಡು ಕಾಳಿಯ ಕತೆ ಹೇಳಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನಲ್ಲಿ ಆತಕೂರು ಎಂಬ ಊರಿದೆ. ಅಲ್ಲಿ ಸಿಕ್ಕಿದ ಕನ್ನಡ ಶಾಸನ ಕ್ರಿ.ಶ. 949-50ರದು. ರಾಷ್ಟ್ರಕೂಟ ಮೂರನೇ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ಯುದ್ಧವಾಯಿತು. ಕೃಷ್ಣನ ಪರವಾಗಿ ಗಂಗರ ಬೂತುಗ ಹೋರಾಡಿದ. ಅವನ ಕಡೆಯ ಮಣಲೆರ ಎಂಬ ವೀರ ಎದೆಗೊಟ್ಟು ಕಾದಿದ. ಮೆಚ್ಚಿದ ಬೂತುಗ "ಬೇಕಾದ್ದು ಕೇಳು" ಅಂದ. ಮಣಲೆರ ಚಿನ್ನ ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ! ಮುಂದೆ ಕಾಳಿ ದೊಡ್ಡ ಕಾಡುಹಂದಿಯೊಂದಿಗೆ ಹೋರಾಡಿತು. ಎರಡೂ ಸತ್ತವು. ಆತಕೂರಿನ ಚಲ್ಲೇಶ್ವರ ದೇವಸ್ಥಾನದ ಮುಂದೆ ಕಾಳಿಗಾಗಿ ಕಲ್ಲು ನೆಟ್ಟು, ಭೂಮಿ ದಾನ ಕೊಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಣ್ಣಬಾರದು ಎಂದು ಬರೆಸಿದರು. ನಾಯಿಯೂ ಹಂದಿಯೂ ಎದುರುಬದುರು ನಿಂತ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೆಂಗಳೂರಿಗೆ ಹೋದಾಗ ನೋಡಿ ಬನ್ನಿ.

ಅಜ್ಜಿಯೂ ಕೇಳುತ್ತಿದ್ದರು. "ಮೂರು ವಾರ ಸಮಯ ಕೊಡಿ" ಎಂದೆ. "ಕಾಂಬ" ಅಂದು ಎದ್ದರು.

ಮೊದಲ ದಿನ ನಾಯಿಯ ಹತ್ತಿರ ಹೋಗಲೇ ಇಲ್ಲ. ಮನೆಯ ಐದೂ ಜನರನ್ನು ಕೂರಿಸಿ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾಲ್ಕು ಪದ ಬರೆಸಿದೆ: ಬಾ, ಕೂಕೋ, ನಿಲ್ಲು, ಬೇಡ. ಬೇರೆ ಪದ ಯಾರೂ ಬಳಸುವ ಹಾಗಿಲ್ಲ. ಅಜ್ಜನ ಮಾತೇ ಗೆದ್ದಿತು ಎಂದು ಅಜ್ಜನಿಗೆ ಖುಷಿ.

ಎರಡನೆಯದು ಕೂಲಿ. ಕೆಲಸ ಮಾಡಿದವನಿಗೆ ಕೂಲಿ ಕೊಡಬೇಕಷ್ಟೆ? ಬೇಯಿಸಿದ ಮೊಟ್ಟೆಯ ಚೂರು, ಮುಳ್ಳು ತೆಗೆದ ಉಪ್ಪಿಲ್ಲದ ಮೀನು, ಬೇಯಿಸಿದ ಗೆಣಸು, ಏನಾದರೂ ಆದೀತು. ಕಡಲೆಕಾಳಿನಷ್ಟು ದೊಡ್ಡದಿದ್ದರೆ ಸಾಕು. ಅದನ್ನು ದಿನದ ಊಟದಲ್ಲೇ ಕಳೆಯಬೇಕು, ಇಲ್ಲದಿದ್ದರೆ ಗುಂಡ ನಿಜವಾಗಿಯೂ ಗುಂಡನಾಗುತ್ತಾನೆ. ಸಿಹಿತಿಂಡಿ, ಚಾಕೊಲೇಟು, ಈರುಳ್ಳಿ, ದ್ರಾಕ್ಷಿ ಯಾವತ್ತೂ ಬೇಡ.

ಹಾರುವುದಕ್ಕೆ ಮದ್ದು ಏನು? ಗುಂಡ ಹಾರಿದಾಗ ಅಜ್ಜಿ ಕೂಗುತ್ತಿದ್ದರು, ಅಪ್ಪ ನಕ್ಕು ತಲೆ ಸವರುತ್ತಿದ್ದ, ಹುಡುಗ ಎರಡೂ ಕೈಯಿಂದ ದೂಡುತ್ತಿದ್ದ. ಗುಂಡನಿಗೆ ಮೂರೂ ಆಟವೇ. ಇನ್ನು ಮುಂದೆ ಹಾರಿದರೆ ಎಲ್ಲರೂ ಮಾತಿಲ್ಲದೆ ಬೆನ್ನು ತಿರುಗಿಸಬೇಕು. ನಾಲ್ಕೂ ಕಾಲು ನೆಲಕ್ಕೆ ತಾಗಿದ ಕ್ಷಣ "ಭೇಷ್" ಎಂದು ಕೂಲಿ ಕೊಡಬೇಕು.

ನಾಲ್ಕನೇ ದಿನ ಅಜ್ಜಿ ಬಂದು, "ಕಂಡ್ರಾ ಮಾಷ್ಟ್ರೆ, ಮೊದ್ಲಿಗಿಂತ ಹೆಚ್ಚೇ ಆಯ್ತ್" ಅಂದರು. ಅದು ಆಗುವಂಥದ್ದೇ. ಟೀವಿ ರಿಮೋಟು ಕೆಲಸ ಮಾಡದಿದ್ದರೆ ನಾವೇನು ಮಾಡುತ್ತೇವೆ? ಬಿಟ್ಟುಬಿಡುವ ಮೊದಲು ಇನ್ನೂ ಜೋರಾಗಿ ಒತ್ತಿ ನೋಡುತ್ತೇವೆ. ನಾಯಿಯೂ ಹಾಗೆಯೇ. ಆ ನಾಲ್ಕೈದು ದಿನ ಮನೆಯವರು ಸೋಲದಿದ್ದರೆ ಕೆಲಸ ಆಯಿತು. ನಡುವೆ ಒಬ್ಬರು "ಪಾಪ" ಎಂದು ಒಮ್ಮೆ ತಲೆ ಸವರಿದರೂ, ಜೋರಾಗಿ ಹಾರಿದರೆ ಸಿಗುತ್ತದೆ ಎಂದು ಕಲಿತುಬಿಡುತ್ತದೆ.

ಕಷ್ಟವಾದದ್ದು ಶಾಲೆಯ ಮಕ್ಕಳ ವಿಷಯ. ಗುಂಡನ ಲೆಕ್ಕ ನೋಡಿ: "ಮಕ್ಕಳು ಬಂದರು, ನಾನು ಬೊಗಳಿದೆ, ಅವರು ಹೋದರು. ನಾನೇ ಓಡಿಸಿದೆ!" ಮಕ್ಕಳು ಹೋದದ್ದು ಶಾಲೆಯ ಗಂಟೆಗೆ ಎಂದು ಅದಕ್ಕೆ ಹೇಳುವವರಾರು? ದಿನಕ್ಕೆರಡು ಸಲ ಈ ಗೆಲುವು ಸಿಕ್ಕಿದರೆ ಯಾವ ನಾಯಿ ಬೊಗಳುವುದನ್ನು ಬಿಟ್ಟೀತು?

ಅದಕ್ಕೆ ಅಜ್ಜ ಬೆಳಿಗ್ಗೆ ಮಕ್ಕಳು ಬರುವ ಮೊದಲೇ ಗುಂಡನನ್ನು ಹಗ್ಗದಲ್ಲಿ ಹಿಡಿದು ಗೇಟಿನಿಂದ ದೂರ, ತೆಂಗಿನ ಸಾಲಿನ ಆಚೆ ಕುಳಿತರು. ಅಷ್ಟು ದೂರದಿಂದ ಮಕ್ಕಳು ಕಂಡರೂ ಗುಂಡ ಬೊಗಳಲಿಲ್ಲ, ಕಿವಿ ಮಾತ್ರ ನಿಮಿರಿತು. ಮಕ್ಕಳು ಕಂಡ ಕೂಡಲೇ ಒಂದು ಚೂರು ಮೊಟ್ಟೆ. ಮಕ್ಕಳು ಮರೆಯಾದರು, ಮೊಟ್ಟೆಯೂ ನಿಂತಿತು. ಮೂರು ದಿನಕ್ಕೊಮ್ಮೆ ನಾಲ್ಕು ಹೆಜ್ಜೆ ಮುಂದೆ. ಬೊಗಳಿದರೆ ಬೈಗುಳವಿಲ್ಲ, ಮರುದಿನ ಎರಡು ಹೆಜ್ಜೆ ಹಿಂದೆ. ಪಾವ್ಲೊವ್ ಅವರ ಟಿಕ್ ಟಿಕ್ ಸದ್ದಿನ ಜಾಗದಲ್ಲಿ ಇಲ್ಲಿ ಶಾಲೆಯ ಬ್ಯಾಗುಗಳು, ಅಷ್ಟೇ ವ್ಯತ್ಯಾಸ.

ಇದರ ಜೊತೆಗೆ ಬೆಳಿಗ್ಗೆ ಸಂಜೆ ಅರ್ಧರ್ಧ ಗಂಟೆ ತೋಟದಲ್ಲಿ ನಡಿಗೆ. ಹಗಲಿಡೀ ಕಟ್ಟಿದ ನಾಯಿಯ ಮೈಯಲ್ಲಿ ಓಟ ಹಾಗೇ ಉಳಿದಿರುತ್ತದೆ. ಅದು ಖರ್ಚಾಗದೆ ಯಾವ ಪಾಠವೂ ತಲೆಗೆ ಹತ್ತುವುದಿಲ್ಲ. ನಿಮ್ಮನ್ನು ಆಟದ ಪೀರಿಯಡ್ ಇಲ್ಲದೆ ದಿನವಿಡೀ ಕೂರಿಸಿದರೆ ಹೇಗಿರುತ್ತದೆ?

ಮೂರು ವಾರ ಮುಗಿಯುವಾಗ ಗುಂಡ ಗೇಟಿನಿಂದ ಹತ್ತು ಹೆಜ್ಜೆ ದೂರದಲ್ಲಿ ಕೂತು ಮಕ್ಕಳನ್ನು ನೋಡಿ ಅಜ್ಜನ ಮುಖ ನೋಡುತ್ತಿತ್ತು. ಪೂರ್ತಿ ಸಾಧುವಾಯಿತು ಎಂದು ಹೇಳಲಾರೆ. ಮೀನಿನ ಸ್ಕೂಟರಿಗೆ ಈಗಲೂ ಬೊಗಳುತ್ತದೆ. ಮಕ್ಕಳು ಹೋಗಿಬರುವ ಹೊತ್ತಿನಲ್ಲಿ ಈಗಲೂ ಗೇಟು ಹಾಕಿ, ಯಾರಾದರೂ ಹಗ್ಗ ಹಿಡಿದೇ ಇರುತ್ತಾರೆ. ಹೊಳೆಯ ಆಚೆಯ ಮಾತನ್ನು ಅಜ್ಜಿ ಮತ್ತೆ ಎತ್ತಲಿಲ್ಲ.

ಮಕ್ಕಳೇ, ಪೊಲೀಸ್ ನಾಯಿ, ಸೇನೆಯ ನಾಯಿಗಳಿಗೂ ಬುಡದ ಪಾಠ ಇದೇ. ಬಂಡೀಪುರದ ಅರಣ್ಯ ಇಲಾಖೆಯಲ್ಲಿ ರಾಣಾ ಎಂಬ ಜರ್ಮನ್ ಶೆಫರ್ಡ್ ನಾಯಿ ಇತ್ತು. ಕಾಡಿನಲ್ಲಿ ವಾಸನೆಯ ಜಾಡು ಹಿಡಿಯುವುದರಲ್ಲಿ ಅದಕ್ಕೆ ದೊಡ್ಡ ಹೆಸರು. ಇಂಥ ನಾಯಿಗಳಿಗೆ ವಾಸನೆ ಹುಡುಕುವುದೇ ಒಂದು ಆಟ. ಹುಡುಕಿದ ಕೂಡಲೇ ಚೆಂಡೋ ತಿಂಡಿಯೋ ಸಿಗುತ್ತದೆ ಎಂದು ಸಾವಿರ ಸಲ ಕಲಿತಿರುತ್ತವೆ.

ಎಲ್ಲ ನಾಯಿಗೂ ಎಲ್ಲ ಕೆಲಸವೂ ಹೊಂದುವುದಿಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನು ಚಿತ್ರದಲ್ಲಾದರೂ ನೋಡಿರುತ್ತೀರಿ. ಉದ್ದ ಕಾಲು, ಸಪೂರ ಸೊಂಟ, ಕಿರಿದಾದ ತಲೆ. ಅದು ಕಣ್ಣಿನಿಂದ ಬೇಟೆ ಹಿಡಿಯುವ ನಾಯಿ, ದೂರದಲ್ಲಿ ಅಲುಗಿದ್ದನ್ನು ಕಂಡರೆ ಬಾಣದಂತೆ ಹೋಗುತ್ತದೆ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಕಾಪಾಡಿ ಬೆಳೆಸಿದರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ತಂದಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಈ ನಾಯಿಗಳಿಗಾಗಿಯೇ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಕೆಲವು ಮರಿಗಳು ತರಬೇತಿಗಾಗಿ ಮೀರತ್‌ನ ಸೇನಾ ಕೇಂದ್ರಕ್ಕೂ ಹೋದವು. ಇಂಥ ಓಟದ ನಾಯಿಯನ್ನು ಅಂದಕ್ಕೆ ತಂದು ಮೂರು ಅಡಿಯ ಸಂಕೋಲೆಯಲ್ಲಿ ಕಟ್ಟಿದರೆ ತಪ್ಪು ನಾಯಿಯದೇ? ನಾಯಿ ತರುವ ಮೊದಲು ನಮ್ಮ ಅಂಗಳ ನೋಡಿಕೊಳ್ಳಬೇಕು, ನಮ್ಮ ಕೈಯಲ್ಲಿರುವ ಹೊತ್ತನ್ನೂ ನೋಡಿಕೊಳ್ಳಬೇಕು.

ಓಟದ ಮಾತು ಬಂದಾಗ ನಮ್ಮ ಕಡೆಯ ಅಜ್ಜಂದಿರಿಗೆ ಕಂಬಳದ ಕೋಣ ನೆನಪಾಗಬೇಕು. ಕೋಣವನ್ನು ಕಂಬಳದ ಹಿಂದಿನ ದಿನ ಓಡಿಸಿ ತಯಾರು ಮಾಡುತ್ತಾರೆಯೇ? ತಿಂಗಳುಗಟ್ಟಲೆ ಹುರುಳಿ ಬೇಯಿಸಿ ಹಾಕಬೇಕು, ಎಣ್ಣೆ ಹಚ್ಚಿ ತಿಕ್ಕಬೇಕು, ನೀರಿನಲ್ಲಿ ಈಜಿಸಬೇಕು. ನಾಯಿಯ ಮೈಯೂ ಹಾಗೆಯೇ ಸ್ವಲ್ಪ ಸ್ವಲ್ಪವಾಗಿ ಹದವಾಗಬೇಕು.

ನಾಯಿಗಳ ಅಡೆತಡೆ ಓಟ ಎಂಬ ಆಟವನ್ನು ಟೀವಿಯಲ್ಲಿ ನೋಡಿರಬಹುದು. ಅಡ್ಡಕೋಲು ಹಾರುವುದು, ಕೊಳವೆಯೊಳಗೆ ನುಗ್ಗುವುದು, ಸಾಲು ಗೂಟಗಳ ನಡುವೆ ಹಾವಿನಂತೆ ಸಾಗುವುದು. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ನಾಯಿ ಪ್ರದರ್ಶನದಲ್ಲಿ, ನಡುವಿನ ಬಿಡುವಿನಲ್ಲಿ ಜನರನ್ನು ರಂಜಿಸಲು ಆಡಿಸಿದ ಆಟ ಇದು. ಈಗ ಎಷ್ಟೋ ದೇಶಗಳಲ್ಲಿ ಸ್ಪರ್ಧೆ ನಡೆಯುತ್ತದೆ. ನಮ್ಮ ಅಂಗಳದಲ್ಲೂ ಆಡಬಹುದು. ಎರಡು ಇಟ್ಟಿಗೆಯ ಮೇಲೆ ಒಂದು ಅಡಿಕೆ ಸಲಾಕೆ ಇಟ್ಟರೆ ಅಡ್ಡಕೋಲಾಯಿತು. ನಾಲ್ಕು ಕೋಲು ನೆಟ್ಟರೆ ಗೂಟದ ಸಾಲಾಯಿತು.

ಆದರೆ ಕೆಲವು ಕಟ್ಟುಪಾಡು ಇವೆ. ಮರಿಗೆ ಎತ್ತರದ ಹಾರಾಟ, ದೂರದ ಓಟ ಬೇಡ. ಬೆಳೆಯುವ ಮೂಳೆಯ ತುದಿ ಇನ್ನೂ ಮೆತ್ತಗಿರುತ್ತದೆ. ಒಂದು ವರ್ಷ, ದೊಡ್ಡ ಜಾತಿಯದಾದರೆ ಒಂದೂವರೆ ವರ್ಷ ಕಾಯಬೇಕು. ಓಡಿಸುವ ಮೊದಲು ಐದು ನಿಮಿಷ ನಡೆಸಿ, ಮುಗಿದ ಮೇಲೂ ಐದು ನಿಮಿಷ ನಡೆಸಿ. ಹೊಟ್ಟೆ ತುಂಬ ಉಂಡ ಕೂಡಲೇ ಓಡಿಸಬೇಡಿ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ನಮ್ಮ ಕರಾವಳಿಯ ಸೆಕೆಯಲ್ಲಿ ಅದು ಬಲು ಕಷ್ಟ. ಮಾರ್ಚಿನಿಂದ ಮಳೆ ಬರುವವರೆಗೆ ಆಟವೆಲ್ಲ ಬೆಳಿಗ್ಗೆ ಬೇಗ, ಇಲ್ಲವೇ ಹೊತ್ತು ಮುಳುಗುವಾಗ. ಡಾಂಬರು ರಸ್ತೆಗೆ ಅಂಗೈಯ ಹಿಂಬದಿ ಇಟ್ಟು ನೋಡಿ. ಏಳು ಎಣಿಸುವವರೆಗೆ ಇಡಲಾಗದಿದ್ದರೆ ನಾಯಿಯ ಕಾಲೂ ಸುಡುತ್ತದೆ.

ಕೊನೆಗೆ ಜೀವದ ವಿಷಯ, ಗಮನವಿಟ್ಟು ಓದಿ. ಉಣ್ಣುವ, ಮಲಗಿದ, ಮರಿ ಹಾಕಿದ ನಾಯಿಯ ಹತ್ತಿರ ಹೋಗಬೇಡಿ. ಗುರುತಿಲ್ಲದ ನಾಯಿ ಬಳಿ ಬಂದರೆ ಓಡಬೇಡಿ, ಕಿರಿಚಬೇಡಿ. ಕೈ ಮಡಚಿ, ಅದರ ಕಣ್ಣು ನೋಡದೆ ಮರದಂತೆ ನಿಲ್ಲಿ. ಓಡುವುದನ್ನು ಅಟ್ಟುವುದು ನಾಯಿಯ ಗುಣ, ನಿಂತ ಮರದಲ್ಲಿ ಅದಕ್ಕೆ ಏನು ಮಜಾ? ಕಚ್ಚಿದರೆ, ಪರಚಿದರೆ, ಬಯ್ಯುತ್ತಾರೆಂದು ಮುಚ್ಚಿಡಬೇಡಿ. ಹರಿಯುವ ನೀರಿನಲ್ಲಿ ಸಾಬೂನು ಹಾಕಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು, ವೈದ್ಯರು ಹೇಳಿದಷ್ಟೂ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಹುಚ್ಚುನಾಯಿ ರೋಗ ಕಾಣಿಸಿಕೊಂಡ ಮೇಲೆ ಬದುಕಿಸುವ ಮದ್ದಿಲ್ಲ, ಮೊದಲೇ ತಡೆಯುವ ಮದ್ದಿದೆ. ಅಜ್ಜ, ಅಜ್ಜಿಯರೇ, ಅರಸಿನ, ಸುಣ್ಣ, ಮೆಣಸಿನಪುಡಿ ಗಾಯಕ್ಕೆ ಹಚ್ಚಬೇಡಿ. ಮನೆಯ ನಾಯಿಗೂ ಪಶುವೈದ್ಯರಲ್ಲಿ ವರ್ಷ ವರ್ಷ ಲಸಿಕೆ ಹಾಕಿಸಿ.

ಈ ವಾರದ ಮನೆಗೆಲಸ ಹೀಗಿದೆ. ಮೊಮ್ಮಕ್ಕಳು ಕ್ಯಾಲೆಂಡರಿನ ಹಿಂದೆ ನಾಲ್ಕು ಪದ ಬರೆಯಲಿ. ಅಜ್ಜ, ಅಜ್ಜಿ ಅದನ್ನು ಒಪ್ಪಿಕೊಂಡು ಸಹಿ ಹಾಕಲಿ. ದಿನಕ್ಕೆ ಮೂರು ಸಲ, ಐದೈದು ನಿಮಿಷ ಮಾತ್ರ ಪಾಠ. ಪ್ರತಿ ಪಾಠವೂ ನಾಯಿಗೆ ಚೆನ್ನಾಗಿ ಬರುವ ಒಂದು ಕೆಲಸದಿಂದ ಮುಗಿಯಲಿ. ಒಂದು ಮಾತು ಮರೆಯಬೇಡಿ: "ಬಾ" ಎಂದು ಕರೆದ ಮೇಲೆ ನಾಯಿ ಎಷ್ಟು ತಡವಾಗಿ ಬಂದರೂ ಬೈಯಬಾರದು, ಹೊಡೆಯಬಾರದು. ನಾಳೆ ಅದು ರಸ್ತೆಯ ನಡುವೆ ಇರುವಾಗ, ಬಸ್ಸು ಬರುತ್ತಿರುವಾಗ, ನೀವು ಅದೇ ಪದದಿಂದ ಅದನ್ನು ಕರೆಯಬೇಕಾಗಬಹುದು.